ದೀರ್ಘಕಾಲದ ಕಾಯಿಲೆಗಳು ಮತ್ತು ಕರುಳಿನ ಜೀವಸತ್ವ ಹೀರಿಕೆ

ಉಂಡದ್ದು ಮೈಗೆ ಹತ್ತುತ್ತಿಲ್ಲ ಎಂಬುದು ನಮ್ಮ ಮನೆಗಳಲ್ಲಿ ಬಹಳ ಹಳೆಯ ದೂರು. ಉಣ್ಣುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂಬ ತಿಳಿವಳಿಕೆ ಆ ಮಾತಿನಲ್ಲೇ ಇದೆ. ಜೀವಸತ್ವ ಬಾಯಿ ದಾಟಿ ಹೊಟ್ಟೆಗೆ ಇಳಿದ ಮಾತ್ರಕ್ಕೆ ದೇಹದ ಸೊತ್ತಾಗುವುದಿಲ್ಲ. ಅದು ಕರುಳಿನ ಒಳಪೊರೆಯನ್ನು ಹಾದು ರಕ್ತವನ್ನೋ ದುಗ್ಧರಸವನ್ನೋ ಸೇರಬೇಕು. ವರ್ಷಗಟ್ಟಲೆ ಕಾಡುವ ಹಲವು ಕಾಯಿಲೆಗಳು ಈ ಹಾದಿಯನ್ನು ಒಂದಲ್ಲ ಒಂದು ಕಡೆ ಕೆಡಿಸುತ್ತವೆ. ಎಲ್ಲಿ ಕೆಟ್ಟಿದೆ ಎಂಬುದರ ಮೇಲೆ ಯಾವ ಜೀವಸತ್ವ ಕಡಿಮೆಯಾಗುತ್ತದೆ ಎಂಬುದು ನಿರ್ಧಾರವಾಗುತ್ತದೆ. ಆದ್ದರಿಂದ ಈ ಕೊರತೆಗಳನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು, ತಡೆಯಲೂಬಹುದು. ಹಾಗಿದ್ದೂ ಇವು 'ನಿಶ್ಶಕ್ತಿ' ಎಂಬ ಒಂದೇ ಹೆಸರಿನಡಿ ಟಾನಿಕ್ ಬಾಟಲಿಗಳಲ್ಲಿ ವರ್ಷಾನುಗಟ್ಟಲೆ ಮರೆಯಾಗಿ ಉಳಿಯುತ್ತವೆ. ಈ ಲೇಖನದ ಕಾಳಜಿ ಅದು.

ಭಾರತೀಯ ವೈದ್ಯಪರಂಪರೆಗೂ ಈ ವಿಷಯ ಹೊಸದಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಗ್ರಹಣಿ ರೋಗಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಅನ್ನವನ್ನು ಹಿಡಿದಿಟ್ಟು ಪಚನವಾದ ಮೇಲೆ ಮುಂದಕ್ಕೆ ಬಿಡುವ ಅಂಗ ಎಂಬ ಅರ್ಥದಲ್ಲಿ ಆ ಹೆಸರು ಬಂದಿದೆ. ನಿಲ್ಲದ ಭೇದಿಯೂ ಕರಗುವ ಮೈಯೂ ಜೊತೆಗೂಡಿದ ಸ್ಥಿತಿಯನ್ನು ಜನ ಸಂಗ್ರಹಣಿ ಎಂದು ಕರೆಯುತ್ತಿದ್ದರು. ಅದನ್ನು ಇಂದಿನ ಯಾವುದೋ ಒಂದು ರೋಗಕ್ಕೆ ನೇರವಾಗಿ ಸಮೀಕರಿಸುವುದು ಸರಿಯಲ್ಲ. ಹಲವು ರೋಗಗಳು ಆ ಹೆಸರಿನೊಳಗೆ ಸೇರಿಹೋಗಿರಬೇಕು.

ಹೀರಿಕೆಯ ಹಾದಿ

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದದ ನಳಿಕೆ. ಜಠರಕ್ಕೆ ಅಂಟಿಕೊಂಡ ಮೊದಲ 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು ಉದ್ದದ ಭಾಗ, ಡುಯೋಡಿನಮ್. ಅದರ ಮುಂದಿನದು ಜೆಜುನಮ್, ಕೊನೆಯದು ಇಲಿಯಮ್. ಒಳಗೋಡೆಯ ತುಂಬ ಮಖಮಲ್ಲಿನ ಎಳೆಗಳಂತೆ ಎದ್ದು ನಿಂತ ವಿಲ್ಲೈ ಎಂಬ ಚಾಚುಗಳಿವೆ. ಒಂದೊಂದರ ಎತ್ತರ ಒಂದು ಮಿಲಿಮೀಟರನ್ನು ಮೀರದು. ಅವುಗಳ ಮೇಲಿನ ಪ್ರತಿ ಜೀವಕೋಶದ ತುದಿಯಲ್ಲೂ ಮತ್ತೆ ಸೂಕ್ಷ್ಮ ಚಾಚುಗಳು. ಈ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಕಣದಷ್ಟಾಗುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದು, ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್, ಬ್ಯಾಡ್ಮಿಂಟನ್ ಅಂಕಣದ ಅರ್ಧದಷ್ಟು ಮಾತ್ರ ಎಂದು ತೋರಿಸಿದರು. ಈ ಒಳಪೊರೆಯ ಜೀವಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತವೆ. ಇಷ್ಟು ಬಿರುಸಾಗಿ ಬೆಳೆಯುವ ಅಂಗಾಂಶ ಉರಿಯೂತಕ್ಕೂ ಪೋಷಣೆಯ ಕೊರತೆಗೂ ಬೇಗ ಸೋಲುತ್ತದೆ.

ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳೂ ವಿಟಮಿನ್ ಸಿಯೂ ಒಳಪೊರೆಯನ್ನು ದಾಟಲು ತಮ್ಮತಮ್ಮ ಸಾಗಣೆ ಪ್ರೋಟೀನುಗಳನ್ನು ನೆಚ್ಚಿಕೊಂಡಿವೆ. ಫೋಲೇಟ್ ಮುಖ್ಯವಾಗಿ ಡುಯೋಡಿನಮ್ ಮತ್ತು ಜೆಜುನಮ್‌ನ ಮೇಲ್ಭಾಗದಲ್ಲಿ ಒಳಸೇರುತ್ತದೆ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆಗಳ ದಾರಿ ಬೇರೆ. ಮೇದೋಜೀರಕ ಗ್ರಂಥಿಯ ಲೈಪೇಸ್ ಕೊಬ್ಬನ್ನು ಒಡೆಯಬೇಕು, ಪಿತ್ತಲವಣಗಳು ಅದನ್ನು ಸಣ್ಣ ಸಣ್ಣ ಹನಿಗಳಾಗಿ ಸುತ್ತಿ ಗೋಡೆಯವರೆಗೆ ತರಬೇಕು, ಗೋಡೆಯ ಜೀವಕೋಶ ಅದನ್ನು ಮತ್ತೆ ಕಟ್ಟಿ ದುಗ್ಧನಾಳಕ್ಕೆ ಬಿಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ನಾಲ್ಕು ಜೀವಸತ್ವಗಳೂ ಕೊಬ್ಬಿನೊಡನೆ ಮಲದಲ್ಲಿ ಹೊರಟುಹೋಗುತ್ತವೆ.

ಎಲ್ಲಕ್ಕಿಂತ ಜಟಿಲವಾದದ್ದು ಬಿ12ರ ಪ್ರಯಾಣ. ಆಹಾರದ ಪ್ರೋಟೀನಿಗೆ ಅಂಟಿಕೊಂಡು ಬರುವ ಅದನ್ನು ಜಠರದ ಆಮ್ಲ ಬಿಡಿಸುತ್ತದೆ. ಜೊಲ್ಲಿನಿಂದ ಬಂದ ಒಂದು ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತದೆ. ಡುಯೋಡಿನಮ್‌ನಲ್ಲಿ ಮೇದೋಜೀರಕ ರಸ ಆ ಹಿಡಿತವನ್ನೂ ಬಿಡಿಸುತ್ತದೆ. ಆಗ ಜಠರದ ಗೋಡೆಯೇ ಸ್ರವಿಸಿ ಕಳಿಸಿದ್ದ 'ಇಂಟ್ರಿನ್ಸಿಕ್ ಫ್ಯಾಕ್ಟರ್' ಎಂಬ ಇನ್ನೊಂದು ಪ್ರೋಟೀನು ಅದರ ಕೈಹಿಡಿದು ಇಲಿಯಮ್‌ನ ಕೊನೆಯ ಭಾಗದವರೆಗೆ ಒಯ್ಯುತ್ತದೆ. ಈ ಜೋಡಿಯನ್ನು ಗುರುತಿಸುವ ಗ್ರಾಹಕಗಳು ಇರುವುದು ಅಲ್ಲಿ ಮಾತ್ರ. ಜಠರ, ಮೇದೋಜೀರಕ, ಇಲಿಯಮ್ ಈ ಮೂರೂ ಸರಿಯಿದ್ದರಷ್ಟೇ ದಿನಕ್ಕೆ ಬೇಕಾದ ಸುಮಾರು 2 ಮೈಕ್ರೋಗ್ರಾಂ ದೇಹಕ್ಕೆ ಸಿಗುತ್ತದೆ.

ಜೀವಸತ್ವಗಳ ದಾಸ್ತಾನೂ ಒಂದೇ ಸಮನಾಗಿಲ್ಲ. ಥಯಮಿನ್ (ಬಿ1) ಎರಡು ಮೂರು ವಾರಗಳಲ್ಲಿ ಬರಿದಾಗುತ್ತದೆ, ವಿಟಮಿನ್ ಕೆ ಕೆಲವು ವಾರಗಳಲ್ಲಿ, ಫೋಲೇಟ್ ಮೂರು ನಾಲ್ಕು ತಿಂಗಳಲ್ಲಿ. ವಿಟಮಿನ್ ಎ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬಿ12 ವರ್ಷಗಟ್ಟಲೆ ಉಳಿಯುತ್ತದೆ. ಪಿತ್ತರಸದೊಂದಿಗೆ ಕರುಳಿಗೆ ಇಳಿದ ಬಿ12ನ್ನು ಆರೋಗ್ಯವಂತ ಇಲಿಯಮ್ ಮತ್ತೆ ಹೀರಿಕೊಳ್ಳುವುದರಿಂದ, ಮಾಂಸ ಮೊಟ್ಟೆ ಮುಟ್ಟದವರೂ ಇದ್ದುದರಲ್ಲೇ ಬಹುಕಾಲ ತಳ್ಳಬಲ್ಲರು. ಇಲಿಯಮ್ಮೇ ಕೆಟ್ಟವರಿಗೆ ಈ ಮರುಹೀರಿಕೆಯೂ ಇಲ್ಲ. ಅವರ ದಾಸ್ತಾನು ಎರಡರಿಂದ ಐದು ವರ್ಷಗಳಲ್ಲಿ ಮುಗಿಯುತ್ತದೆ. ರೋಗ ಶುರುವಾದದ್ದಕ್ಕೂ ಕೊರತೆ ಕಾಣಿಸಿಕೊಂಡದ್ದಕ್ಕೂ ನಡುವೆ ಇಷ್ಟು ಅಂತರ ಇರುವುದರಿಂದಲೇ ಎರಡಕ್ಕೂ ಸಂಬಂಧವಿದೆ ಎಂಬುದು ರೋಗಿಗೂ ಎಷ್ಟೋ ಸಲ ವೈದ್ಯರಿಗೂ ಹೊಳೆಯುವುದಿಲ್ಲ.

ಸ್ಪ್ರೂ: ದಕ್ಷಿಣ ಭಾರತದ ಒಂದು ಅಧ್ಯಾಯ

ಹೀರಿಕೆಯ ದೋಷದ ಇತಿಹಾಸದಲ್ಲಿ ದಕ್ಷಿಣ ಭಾರತಕ್ಕೆ ದೊಡ್ಡ ಪಾತ್ರವಿದೆ. ಉಷ್ಣವಲಯದ ಸ್ಪ್ರೂ ಎಂಬ ಕಾಯಿಲೆಯನ್ನು 1759ರಲ್ಲಿ ವಿಲಿಯಂ ಹಿಲರಿ ಎಂಬ ವೈದ್ಯ ಬಾರ್ಬಡೋಸ್ ದ್ವೀಪದಲ್ಲಿ ಕಂಡು ಬರೆದಿಟ್ಟಿದ್ದ. ನಿಲ್ಲದ ಭೇದಿ, ಸಿಪ್ಪೆ ಸುಲಿದಂತೆ ಕೆಂಪಾದ ನಾಲಗೆ, ಬಿಳಿಚಿದ ಮುಖ, ದಿನೇದಿನೇ ಸೊರಗುವ ದೇಹ ಅದರ ಲಕ್ಷಣಗಳು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರನ್ನೂ ಅಧಿಕಾರಿಗಳನ್ನೂ ಇದು ಕಾಡಿತು. 1960ರ ದಶಕದ ಆರಂಭದಲ್ಲಿ ತಮಿಳುನಾಡಿನ ಉತ್ತರ ಆರ್ಕಾಡು ಜಿಲ್ಲೆಯ ಹಳ್ಳಿಗಳಲ್ಲಿ ಸಾಂಕ್ರಾಮಿಕದಂತೆ ಹಬ್ಬಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಎಸ್. ಜೆ. ಬೇಕರ್ ಮತ್ತು ವಿ. ಐ. ಮಥನ್ ಹಳ್ಳಿ ಹಳ್ಳಿ ಸುತ್ತಿ ಈ ರೋಗವನ್ನು ಅಭ್ಯಾಸ ಮಾಡಿದರು. ಉಷ್ಣವಲಯದಲ್ಲಿ ಇರುವವರಲ್ಲಿ, ಗೊತ್ತಿರುವ ಬೇರೆ ಕಾರಣಗಳಾವುವೂ ಇಲ್ಲದೆ, ಎರಡು ಅಥವಾ ಹೆಚ್ಚು ಪೋಷಕಗಳ ಹೀರಿಕೆ ಕುಂದಿದ್ದರೆ ಅದು ಉಷ್ಣವಲಯದ ಸ್ಪ್ರೂ ಎಂದು ಅವರು ಕೊಟ್ಟ ವ್ಯಾಖ್ಯೆ ಇಂದಿಗೂ ಬಳಕೆಯಲ್ಲಿದೆ.

ಈ ರೋಗದಲ್ಲಿ ಮೇಲಿನ ಕರುಳೂ ಕೆಳಗಿನ ಕರುಳೂ ಕೆಡುವುದರಿಂದ ಫೋಲೇಟ್ ಮತ್ತು ಬಿ12 ಎರಡೂ ಕಳೆದುಹೋಗುತ್ತವೆ. ಚಿಕಿತ್ಸೆ ಅಚ್ಚರಿ ಹುಟ್ಟಿಸುವಷ್ಟು ಸರಳ: ಫೋಲಿಕ್ ಆಮ್ಲ, ಬಿ12, ಜೊತೆಗೆ ಕೆಲವು ತಿಂಗಳ ಟೆಟ್ರಾಸೈಕ್ಲಿನ್. ಆ ಫೋಲಿಕ್ ಆಮ್ಲದ ಹಿಂದೆಯೂ ಭಾರತದ ನಂಟಿದೆ. 1928ರಲ್ಲಿ ಮುಂಬಯಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಅಲ್ಲಿನ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತದೆ ಎಂದು ಕಂಡುಕೊಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ, ಆಗ ಹೆಸರಿಲ್ಲದ ವಸ್ತುವೇ ಫೋಲೇಟ್. ಅದರ ಸಂಶ್ಲೇಷಣೆಯನ್ನು 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಾಧಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯೊಳಗೆ ಈ ಇಬ್ಬರ ದುಡಿಮೆಯೂ ಸೇರಿದೆ ಎಂಬುದು ಶಾಲೆಯ ಪಾಠಗಳಲ್ಲಿ ಇರಬೇಕಾದ ಸಂಗತಿ.

ಶುದ್ಧ ನೀರು ಮತ್ತು ಪ್ರತಿಜೀವಕಗಳು ಸುಲಭವಾಗಿ ಸಿಗತೊಡಗಿದ ಮೇಲೆ ಸ್ಪ್ರೂ ಅಪರೂಪವಾಯಿತು. ಅದರ ಇನ್ನೊಂದು ಮುಖವೆನ್ನಬಹುದಾದ ಪರಿಸರಜನ್ಯ ಕರುಳು ದೋಷ ಮಾತ್ರ ಹಾಗೇ ಉಳಿದಿದೆ. ಬಯಲು ಶೌಚದ ನಡುವೆ, ಕಲುಷಿತ ನೀರು ಕುಡಿದು ಬೆಳೆಯುವ ಮಕ್ಕಳ ವಿಲ್ಲೈಗಳು ಭೇದಿಯೇ ಇಲ್ಲದೆಯೂ ಮೊಂಡಾಗುತ್ತವೆ. ಅಂಥ ಮಗುವಿಗೆ ಮೊಟ್ಟೆ ಹಾಲು ಕೊಟ್ಟರೂ ಪೂರ್ತಿ ದಕ್ಕುವುದಿಲ್ಲ. ಬಾಯಿಯ ಮೂಲಕ ಹಾಕುವ ಲಸಿಕೆಗಳ ಫಲವೂ ಕುಗ್ಗುತ್ತದೆ.

ಗೋಧಿ ಒಗ್ಗದ ಕರುಳು

ಸೀಲಿಯಾಕ್ ರೋಗದಲ್ಲಿ ಗೋಧಿ, ಬಾರ್ಲಿಗಳ ಗ್ಲುಟನ್ ಎಂಬ ಪ್ರೋಟೀನು ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಿ ಮೇಲಿನ ಕರುಳಿನ ವಿಲ್ಲೈಗಳನ್ನು ಸಪಾಟು ಮಾಡಿಬಿಡುತ್ತದೆ. ಗೋಧಿಯೇ ಅಪರಾಧಿ ಎಂದು ಸಾಧಿಸಿದವರು ಡಚ್ ಮಕ್ಕಳ ವೈದ್ಯ ವಿಲ್ಲೆಂ ಡಿಕೆ. 1930ರ ದಶಕದಿಂದಲೇ ಅವರಿಗೆ ಆ ಗುಮಾನಿಯಿತ್ತು. 1944-45ರ ಚಳಿಗಾಲದ ಬರದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡು ಸಿಗದೇ ಹೋದಾಗ ಊರೆಲ್ಲ ಬಡಕಲಾಗುತ್ತಿದ್ದರೂ ಈ ಮಕ್ಕಳು ಚೇತರಿಸಿಕೊಂಡದ್ದು ಗುಮಾನಿಯನ್ನು ಗಟ್ಟಿಮಾಡಿತು. 1950ರಲ್ಲಿ ಅವರು ಅದನ್ನು ಡಾಕ್ಟರೇಟ್ ಪ್ರಬಂಧವಾಗಿ ಮಂಡಿಸಿದರು. ಮೇಲಿನ ಕರುಳು ಕೆಡುವುದರಿಂದ ಇಲ್ಲಿ ಮೊದಲು ಕಡಿಮೆಯಾಗುವವು ಕಬ್ಬಿಣ ಮತ್ತು ಫೋಲೇಟ್. ಆಮೇಲೆ ವಿಟಮಿನ್ ಡಿ ಹಾಗೂ ಕ್ಯಾಲ್ಸಿಯಂ. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೊಗ್ಲೋಬಿನ್ ಹಲವರಲ್ಲಿ ಈ ರೋಗದ ಏಕೈಕ ಸುಳಿವು.

2016ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯಲ್ಲಿ ಈ ರೋಗ ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಜನರಲ್ಲಿ ಕಂಡುಬಂತು. ರೋಗಕ್ಕೆ ಎಡೆಮಾಡುವ ವಂಶವಾಹಿಗಳು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಉತ್ತರದವರು ತಿನ್ನುವ ಗೋಧಿ ದಕ್ಷಿಣದವರದಕ್ಕಿಂತ ಹಲವು ಪಟ್ಟು ಹೆಚ್ಚು. ಅನ್ನ, ಮುದ್ದೆ, ಜೋಳದ ರೊಟ್ಟಿಯ ಊಟ ನಮ್ಮನ್ನು ಇಷ್ಟುಕಾಲ ಕಾಪಾಡಿರಬಹುದು. ಈಗ ಬೆಳಗ್ಗೆ ರವೆ ಉಪ್ಪಿಟ್ಟು, ರಾತ್ರಿ ಚಪಾತಿ, ನಡುವೆ ಬೇಕರಿ ತಿಂಡಿ ಎಂಬ ಕ್ರಮ ಊರೂರಿಗೂ ಬಂದಿರುವಾಗ ದಕ್ಷಿಣದಲ್ಲಿ ಇದು ಇಲ್ಲವೇ ಇಲ್ಲ ಎಂದು ಪಕ್ಕಕ್ಕಿಡುವುದು ತಪ್ಪು. ರೋಗ ಖಚಿತವಾದವರಿಗೆ ಆಯುಷ್ಯಪೂರ್ತಿ ಗ್ಲುಟನ್ ವರ್ಜ್ಯ. ನಮ್ಮ ಅಡುಗೆಮನೆಯಲ್ಲಿ ಎಚ್ಚರ ತಪ್ಪುವ ಜಾಗಗಳು ಕೆಲವಿವೆ. ಅಂಗಡಿಯ ಪುಡಿ ಹಿಂಗಿಗೆ ಮೈದಾ ಬೆರೆಸಿರುವುದುಂಟು. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಹಿಟ್ಟಿನಲ್ಲಿ ಗೋಧಿ ಸೇರುತ್ತದೆ. ಉತ್ತರ ಕರ್ನಾಟಕದಲ್ಲಿ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂದು ಹೆಸರಾದ ಜವೆ ಗೋಧಿಯೂ ಗೋಧಿಯ ಜಾತಿಯದೇ, ಅದರಲ್ಲೂ ಗ್ಲುಟನ್ ಇದೆ.

ಪಿತ್ತ ಮತ್ತು ಮೇದೋಜೀರಕದ ರೋಗಗಳು

ಮಲ ಬಿಳಿಚಿ, ಎಣ್ಣೆಜಿಡ್ಡಾಗಿ, ನೀರಿನ ಮೇಲೆ ತೇಲುತ್ತ, ಎಷ್ಟು ನೀರು ಹೊಯ್ದರೂ ಹೋಗದೆ ಉಳಿಯುತ್ತಿದ್ದರೆ ಕೊಬ್ಬು ಹೀರಿಕೆಯಾಗುತ್ತಿಲ್ಲ ಎಂದು ಅರ್ಥ. ಹೇಳಿಕೊಳ್ಳಲು ಮುಜುಗರವಾಗುವ ಈ ಮಾಹಿತಿ ವೈದ್ಯರಿಗೆ ಬಹಳ ಬೆಲೆಯುಳ್ಳದ್ದು.

ಮೇದೋಜೀರಕದ ದೀರ್ಘಕಾಲದ ಉರಿಯೂತಕ್ಕೆ ಮದ್ಯಪಾನ ಒಂದು ದೊಡ್ಡ ಕಾರಣ. ಮದ್ಯ ಮುಟ್ಟದ ಎಳೆವಯಸ್ಸಿನವರಲ್ಲೂ ಗ್ರಂಥಿಯೊಳಗೆ ಕಲ್ಲು ಕಟ್ಟಿ ಸಕ್ಕರೆ ಕಾಯಿಲೆಯನ್ನೂ ತರುವ ಬಗೆಯೊಂದು ಕೇರಳದಲ್ಲಿ ಹೆಚ್ಚಾಗಿ ಕಂಡುಬಂದು, ಅಲ್ಲಿನ ಪಿ. ಜೆ. ಗೀವರ್ಗೀಸ್ ಅವರ ಅಧ್ಯಯನಗಳಿಂದ ಜಗತ್ತಿಗೆ ಪರಿಚಯವಾಯಿತು. ಮರಗೆಣಸೇ ಕಾರಣವೆಂಬ ವಾದ ಬಹುಕಾಲ ನಡೆಯಿತಾದರೂ ಸಾಬೀತಾಗಲಿಲ್ಲ. ಕೆಲವು ವಂಶವಾಹಿ ದೋಷಗಳ ಪಾತ್ರ ಆಮೇಲೆ ತಿಳಿಯಿತು. ಈ ಗ್ರಂಥಿಗೆ ಮೀಸಲು ಶಕ್ತಿ ಅಪಾರ. ಲೈಪೇಸ್ ಸ್ರಾವ ಸಾಮಾನ್ಯ ಮಟ್ಟದ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ ಮಲದಲ್ಲಿ ಕೊಬ್ಬು ಕಾಣಿಸಿಕೊಳ್ಳುವುದಿಲ್ಲ. ಕಾಣಿಸಿಕೊಂಡಿತೆಂದರೆ ಗ್ರಂಥಿಯ ಬಹುಪಾಲು ಹೋಗಿದೆ ಎಂದೇ ತಿಳಿಯಬೇಕು. ಆಗ ಕೊಡುವ ಕಿಣ್ವದ ಕ್ಯಾಪ್ಸೂಲನ್ನು ಊಟದ ಜೊತೆಯಲ್ಲೇ ನುಂಗಬೇಕು. ಊಟವಾಗಿ ಎರಡು ಗಂಟೆ ಕಳೆದು ನುಂಗಿದರೆ ಕಿಣ್ವಕ್ಕೆ ಕೆಲಸವೇ ಇರುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿರುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶಪಾರಂಪರ್ಯ ರೋಗದಲ್ಲೂ ಮಕ್ಕಳಿಗೆ ಇದೇ ಕೊರತೆ, ಇದೇ ಚಿಕಿತ್ಸೆ.

ಪಿತ್ತರಸ ಕರುಳಿಗೆ ಇಳಿಯದಿದ್ದಾಗ ಮೊದಲು ಅಪಾಯ ತರುವುದು ವಿಟಮಿನ್ ಕೆ ಕೊರತೆ, ಏಕೆಂದರೆ ಅದರ ದಾಸ್ತಾನು ಕಡಿಮೆ. ರಕ್ತ ಹೆಪ್ಪುಗಟ್ಟಲು ಬೇಕಾದ ಈ ಜೀವಸತ್ವವನ್ನು ಡೆನ್ಮಾರ್ಕಿನ ಹೆನ್ರಿಕ್ ಡಾಂ 1929ರ ಹೊತ್ತಿಗೆ ಕೋಳಿಮರಿಗಳ ಮೇಲಿನ ಪ್ರಯೋಗಗಳಲ್ಲಿ ಸುಳಿವು ಹಿಡಿದು ಪತ್ತೆಮಾಡಿದರು. ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿಹೋಗಿರುವ ಶಿಶುವಿಗೆ ಹೊಕ್ಕುಳಿನಲ್ಲೋ ಮೂಗಿನಲ್ಲೋ ರಕ್ತ ಒಸರುವುದು, ಕೆಲವೊಮ್ಮೆ ಮಿದುಳಿನೊಳಗೇ ಸೋರುವುದು ಈ ಕಾರಣಕ್ಕೆ. ಹುಟ್ಟಿ ಎರಡು ವಾರ ಕಳೆದರೂ ಕಾಮಾಲೆ ಇಳಿಯದೆ, ಮಲ ಸುಣ್ಣದಂತೆ ಬೆಳ್ಳಗಿದ್ದರೆ ನಾಟಿ ಔಷಧಿಗೆಂದು ಒಂದು ದಿನವನ್ನೂ ಕಳೆಯಬಾರದು. ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಫಲ ಹೆಚ್ಚು. ದೊಡ್ಡವರಲ್ಲಿ ವಿಟಮಿನ್ ಎ ಕೊರತೆಯ ಇರುಳುಗುರುಡು, ಡಿ ಕೊರತೆಯ ಮೂಳೆನೋವು, ಇ ಕೊರತೆಯ ತೂರಾಡುವ ನಡಿಗೆ ನಿಧಾನವಾಗಿ ಬರುತ್ತವೆ. ವಿಟಮಿನ್ ಡಿ ಬಹುಪಾಲು ಚರ್ಮದಲ್ಲೇ ತಯಾರಾಗುವುದರಿಂದ, ಬಿಸಿಲಿಗೆ ಮೈಯೊಡ್ಡಬಲ್ಲವರಿಗೆ ಹೀರಿಕೆಯ ನಷ್ಟ ಅಷ್ಟರಮಟ್ಟಿಗೆ ತುಂಬಿಬರುತ್ತದೆ. ವರ್ಷಗಟ್ಟಲೆ ಕಾಯಿಲೆ ಬಿದ್ದವರು ಮನೆಯೊಳಗೇ ಉಳಿಯುವುದರಿಂದ ಅದೂ ಅವರಿಗೆ ತಪ್ಪಿಹೋಗುತ್ತದೆ.

ಇಲಿಯಮ್: ಕ್ರೋನ್ಸ್ ಮತ್ತು ಕ್ಷಯ

1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ವಿವರಿಸಿದ ಕ್ರೋನ್ಸ್ ಕಾಯಿಲೆ ಜೀರ್ಣನಾಳದ ಎಲ್ಲಿ ಬೇಕಾದರೂ ಬರಬಹುದಾದರೂ ಇಲಿಯಮ್‌ನ ತುದಿ ಅದರ ನೆಚ್ಚಿನ ಜಾಗ. ಕರುಳಿನ ಕ್ಷಯ ಹೆಚ್ಚಾಗಿ ಬರುವುದೂ ಅಲ್ಲೇ. ನಮ್ಮ ದೇಶದಲ್ಲಿ ಇವೆರಡನ್ನು ಬೇರ್ಪಡಿಸುವುದು ಅನುಭವಿ ತಜ್ಞರಿಗೂ ಕಷ್ಟದ ಕೆಲಸ. ತಪ್ಪಿದರೆ ಬೆಲೆಯೂ ದೊಡ್ಡದು, ಏಕೆಂದರೆ ಕ್ರೋನ್ಸ್‌ಗೆ ಕೊಡುವ ರೋಗನಿರೋಧ ಕುಗ್ಗಿಸುವ ಔಷಧಿ ಕ್ಷಯವನ್ನು ಉಲ್ಬಣಗೊಳಿಸುತ್ತದೆ. ಜೀವಸತ್ವದ ಮಟ್ಟಿಗೆ ಎರಡರ ಫಲವೂ ಒಂದೇ. ಆ ಜಾಗ ಕೆಟ್ಟರೆ ಊಟದ ಬಿ12ಗೆ ಒಳಬರುವ ಬೇರೆ ದೊಡ್ಡ ಬಾಗಿಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಇಲಿಯಮ್‌ನ ತುದಿಯಿಂದ ಸುಮಾರು 60 ಸೆಂಟಿಮೀಟರಿಗಿಂತ ಹೆಚ್ಚು ತೆಗೆದವರಿಗೆ ಬಿ12 ಚುಚ್ಚುಮದ್ದು ಬಹುತೇಕ ಜೀವನಪರ್ಯಂತ ಬೇಕಾಗುತ್ತದೆ. ಒಂದು ಮೀಟರ್ ಮೀರಿದರೆ ಪಿತ್ತಲವಣಗಳ ಮರುಹೀರಿಕೆಯೂ ನಿಂತು, ಕೊಬ್ಬಿನಲ್ಲಿ ಕರಗುವ ಜೀವಸತ್ವಗಳೂ ಸೋರಿಹೋಗುತ್ತವೆ. ಹತ್ತು ವರ್ಷದ ಹಿಂದೆ ಕರುಳು ಕತ್ತರಿಸಿಕೊಂಡವರು ಎಷ್ಟು ಉದ್ದ ತೆಗೆದರು ಎಂಬ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.

ಇಲ್ಲಿ ಔಷಧಿಗಳೂ ಕೈಜೋಡಿಸುತ್ತವೆ. ಕರುಳಿನ ಉರಿಯೂತಕ್ಕೆ ಕೊಡುವ ಸಲ್ಫಸಲಜೀನ್ ಫೋಲೇಟ್ ಹೀರಿಕೆಯನ್ನು ತಡೆಯುತ್ತದೆ. ಮೆಥೋಟ್ರೆಕ್ಸೇಟ್ ಫೋಲೇಟಿನ ಕೆಲಸಕ್ಕೇ ಅಡ್ಡಬರುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಬಿ6ನ್ನು ನಿಷ್ಕ್ರಿಯಗೊಳಿಸುವುದರಿಂದ ಅದರ ಜೊತೆಗೆ ಪಿರಿಡಾಕ್ಸಿನ್ ಮಾತ್ರೆ ಕೊಡುವುದು ರೂಢಿ. ಸೆಳವಿಗೆ ವರ್ಷಗಟ್ಟಲೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಫೋಲೇಟ್ ಮತ್ತು ವಿಟಮಿನ್ ಡಿ ಎರಡೂ ಇಳಿಯುತ್ತವೆ.

ಜಠರ, ಸಕ್ಕರೆ ಕಾಯಿಲೆ ಮತ್ತು ಬಿ12

ಹತ್ತೊಂಬತ್ತನೇ ಶತಮಾನದ ನಡುವೆ ಲಂಡನ್ನಿನ ಥಾಮಸ್ ಆಡಿಸನ್ ವಿವರಿಸಿದ ಮಾರಕ ರಕ್ತಹೀನತೆಗೆ ಮುಂದಿನ ಮುಕ್ಕಾಲು ಶತಮಾನ ಔಷಧಿ ಇರಲಿಲ್ಲ. 1926ರಲ್ಲಿ ಬಾಸ್ಟನ್ನಿನ ಜಾರ್ಜ್ ಮೈನಟ್ ಮತ್ತು ವಿಲಿಯಂ ಮರ್ಫಿ, ದಿನವೂ ಕಾಲು ಕಿಲೋದಷ್ಟು ಅರೆಬೆಂದ ಲಿವರ್ ತಿನ್ನಿಸಿ 45 ರೋಗಿಗಳನ್ನು ಚೇತರಿಸುವಂತೆ ಮಾಡಿದರು. 1934ರ ನೊಬೆಲ್ ಅವರಿಗೂ ಜಾರ್ಜ್ ವಿಪಲ್ ಅವರಿಗೂ ಸಂದಿತು. ಲಿವರ್ ಏಕೆ ಅಷ್ಟೊಂದು ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರು ಅದೇ ಊರಿನ ವಿಲಿಯಂ ಕ್ಯಾಸಲ್. ಅವರು ತಾವೇ ಅರೆಬೆಂದ ಗೋಮಾಂಸ ತಿಂದು, ಒಂದು ಗಂಟೆಯ ಮೇಲೆ ಅದನ್ನು ಹೊರತೆಗೆದು, ನಳಿಕೆಯ ಮೂಲಕ ರೋಗಿಯ ಹೊಟ್ಟೆಗೆ ಇಳಿಸಿದರು. ರೋಗಿ ಚೇತರಿಸಿಕೊಂಡ. ಅದೇ ಮಾಂಸವನ್ನು ರೋಗಿ ನೇರವಾಗಿ ತಿಂದಾಗ ಫಲವಿರಲಿಲ್ಲ. ಆರೋಗ್ಯವಂತ ಜಠರ ಕೊಡುವ ಏನೋ ಒಂದು ರೋಗಿಯಲ್ಲಿಲ್ಲ ಎಂದು 1929ರಲ್ಲಿ ಅವರು ತೋರಿಸಿದ ಈ ಪ್ರಯೋಗವೇ, ಕೊರತೆಯ ಮೂಲ ಊಟದಲ್ಲಿಲ್ಲದೆ ಹೀರಿಕೆಯಲ್ಲಿರಬಹುದು ಎಂಬುದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷ್ಯ ಎಂದು ನನ್ನ ಎಣಿಕೆ. ಆ 'ಏನೋ ಒಂದು' ಮೇಲೆ ಹೇಳಿದ ಇಂಟ್ರಿನ್ಸಿಕ್ ಫ್ಯಾಕ್ಟರ್. ಅದು ಕೈಹಿಡಿದು ಒಯ್ಯುವ ಬಿ12 ಪ್ರತ್ಯೇಕವಾಗಿ ದೊರೆತದ್ದು 1948ರಲ್ಲಿ.

ಕ್ಯಾಸಲ್ ಕಂಡ ರೋಗಕ್ಕಿಂತ ಇಂದು ನಮ್ಮ ಸುತ್ತ ಸಾವಿರಪಾಲು ವ್ಯಾಪಕವಾಗಿರುವುದು ಸಕ್ಕರೆ ಕಾಯಿಲೆ ಮತ್ತು ಅದರ ಅತ್ಯಂತ ಸಾಮಾನ್ಯ ಮಾತ್ರೆ ಮೆಟ್‌ಫಾರ್ಮಿನ್. ಅಗ್ಗದ, ನಂಬಿಕೆಯ, ಜೀವ ಉಳಿಸುವ ಔಷಧಿ ಅದು, ಹೆದರಿ ಬಿಡುವಂಥದ್ದಲ್ಲ. ಇಲಿಯಮ್‌ನಲ್ಲಿ ಬಿ12 ಹೀರಿಕೆಗೆ ಕ್ಯಾಲ್ಸಿಯಂ ಬೇಕು, ಆ ಹಂತಕ್ಕೆ ಮೆಟ್‌ಫಾರ್ಮಿನ್ ಅಡ್ಡಬರುತ್ತದೆ ಎಂಬುದು ಸದ್ಯದ ಮುಖ್ಯ ವಿವರಣೆ. ಪ್ರಮಾಣ ಹೆಚ್ಚಿದಷ್ಟೂ, ವರ್ಷಗಳು ಕಳೆದಷ್ಟೂ ಕೊರತೆಯ ಸಂಭವ ಏರುತ್ತದೆ. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಬಿ12 ಕೊರತೆಯನ್ನು ಈ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಇದರ ಜೊತೆಗೆ ಇನ್ನೆರಡು ಸೇರಿಕೊಳ್ಳುತ್ತವೆ. ಸಸ್ಯಾಹಾರಿಯ ಊಟದಲ್ಲಿ ಬಿ12 ಬರುವುದು ಹಾಲು ಮೊಸರಿನಿಂದ ಮಾತ್ರ. ಬೆಳಗ್ಗೆ ಎದ್ದೊಡನೆ ನುಂಗುವ 'ಗ್ಯಾಸ್ ಮಾತ್ರೆ', ಅಂದರೆ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್, ಆಹಾರದಿಂದ ಬಿ12ನ್ನು ಬಿಡಿಸುವ ಆಮ್ಲವನ್ನೇ ಕುಗ್ಗಿಸುತ್ತದೆ. ಹದಿನೈದು ದಿನಕ್ಕೆಂದು ಬರೆದುಕೊಟ್ಟ ಆ ಮಾತ್ರೆಯನ್ನು ಹತ್ತು ವರ್ಷ ಮುಂದುವರಿಸಿದವರು ಎಲ್ಲರ ನೆಂಟರಲ್ಲೂ ಇದ್ದಾರೆ.

ಅಂಗಾಲು ಉರಿಯುವುದು, ಪಾದ ಜೋಮು ಹಿಡಿಯುವುದು, ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗದಿರುವುದು ಸಕ್ಕರೆ ಕಾಯಿಲೆಯ ನರದೋಷದ ಲಕ್ಷಣಗಳು. ಬಿ12 ಕೊರತೆಯಲ್ಲೂ ಹೀಗೇ ಆಗುತ್ತದೆ. ಸಕ್ಕರೆಯಿಂದ ಕೆಟ್ಟ ನರ ಹಿಂತಿರುಗುವುದು ಕಷ್ಟ. ಬಿ12 ಕೊರತೆಯದು ಬೇಗ ಕಂಡುಹಿಡಿದರೆ ಬಹುಪಾಲು ಸರಿಯಾಗುತ್ತದೆ. ಎಲ್ಲವನ್ನೂ ಶುಗರ್ ತಲೆಗೆ ಕಟ್ಟಿ ಸುಮ್ಮನಾಗುವುದರಿಂದ ಆಗುವ ನಷ್ಟ ನನಗೆ ಈ ವಿಷಯದಲ್ಲಿ ಅತ್ಯಂತ ದುಃಖದ ಸಂಗತಿ. ಅದು ಸಂಪೂರ್ಣವಾಗಿ ತಪ್ಪಿಸಬಹುದಾದ ನಷ್ಟ.

ಹಳೆಯ ಸಕ್ಕರೆ ಕಾಯಿಲೆಯಲ್ಲಿ ಕರುಳಿನ ಚಲನೆ ಮಂದವಾಗಿ, ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆಯುವುದೂ ಉಂಟು. ಅವು ಬಿ12ನ್ನು ತಾವೇ ತಿಂದು ಫೋಲೇಟನ್ನು ತಯಾರಿಸುತ್ತವೆ. ರಕ್ತದಲ್ಲಿ ಬಿ12 ಕಡಿಮೆ, ಫೋಲೇಟ್ ಹೆಚ್ಚು ಎಂಬ ವರದಿ ಬಂದರೆ ಇದನ್ನು ನೆನೆಯಬೇಕು.

ಮೂತ್ರಪಿಂಡ, ಹೃದಯ, ಮದ್ಯ

ಮೂತ್ರಪಿಂಡ ಸೋತವರಲ್ಲಿ ವಿಟಮಿನ್ ಡಿ ಸಕ್ರಿಯ ರೂಪಕ್ಕೆ ಬರುವುದಿಲ್ಲ, ಅದರಿಂದ ಕರುಳು ಕ್ಯಾಲ್ಸಿಯಂ ಹೀರುವುದೂ ಕುಗ್ಗುತ್ತದೆ. ಡಯಾಲಿಸಿಸ್‌ನಲ್ಲಿ ನೀರಿನಲ್ಲಿ ಕರಗುವ ಜೀವಸತ್ವಗಳು ತೊಳೆದುಹೋಗುತ್ತವೆ. ವಿಟಮಿನ್ ಎ ಮಾತ್ರ ಇವರ ರಕ್ತದಲ್ಲಿ ಶೇಖರವಾಗುವುದರಿಂದ ಅಂಗಡಿಯ ಸಾಮಾನ್ಯ ಮಲ್ಟಿವಿಟಮಿನ್ ಇವರಿಗೆ ಸಲ್ಲದು. ಹೃದಯ ವೈಫಲ್ಯದಲ್ಲಿ ಕರುಳಿನ ಗೋಡೆಯೇ ಊದಿಕೊಳ್ಳುತ್ತದೆ. ನೀರು ಇಳಿಸುವ ಮಾತ್ರೆ ಥಯಮಿನ್ನನ್ನು ಮೂತ್ರದೊಡನೆ ಕಳೆಯುತ್ತದೆ.

ಮದ್ಯ ಥಯಮಿನ್ ಸಾಗಣೆಯನ್ನು ಕರುಳಿನಲ್ಲೇ ತಡೆಯುತ್ತದೆ. ದಾಸ್ತಾನು ಎರಡು ಮೂರು ವಾರದ್ದಷ್ಟೇ ಆದ್ದರಿಂದ, ಊಟ ಬಿಟ್ಟು ಕುಡಿಯುವವರಲ್ಲಿ ಕಣ್ಣಾಲಿಗಳ ಚಲನೆ ಕೆಟ್ಟು, ನಡಿಗೆ ತಪ್ಪಿ, ಬುದ್ಧಿ ಭ್ರಮಿಸುವ ವೆರ್ನಿಕೆ ಕಾಯಿಲೆ ಬೇಗ ಬರುತ್ತದೆ. ಸುಸ್ತಾದವರಿಗೆಲ್ಲ ಒಂದು ಬಾಟಲಿ ಗ್ಲೂಕೋಸ್ ಹಾಕಿಸುವ ನಮ್ಮ ರೂಢಿ ಇವರಿಗೆ ಅಪಾಯ. ಗ್ಲೂಕೋಸನ್ನು ಅರಗಿಸಲು ಥಯಮಿನ್ ಬೇಕು. ಇದ್ದಬದ್ದದ್ದೂ ಅದಕ್ಕೇ ಖರ್ಚಾಗಿ ಮಿದುಳು ಕೆಡಬಹುದು. ಆದ್ದರಿಂದ ಇಂಥವರಿಗೆ ಗ್ಲೂಕೋಸಿಗೆ ಮೊದಲೇ, ಇಲ್ಲವೇ ಅದರ ಜೊತೆಗೆ, ಥಯಮಿನ್ ಚುಚ್ಚುಮದ್ದು ಕೊಡಬೇಕು.

ಕೊರತೆಯೇ ಕರುಳನ್ನು ಕೆಡಿಸುವ ಬಗೆ

ರೋಗದಿಂದ ಕೊರತೆ ಹುಟ್ಟುವಂತೆ ಕೊರತೆಯಿಂದ ಕರುಳೂ ಕೆಡುತ್ತದೆ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೋತಿಗಳಿಗೆ ಜೀವಸತ್ವ ಕಳೆದ ಆಹಾರ ಕೊಟ್ಟು, ಅವುಗಳ ಜೀರ್ಣನಾಳ ಉರಿಯೂತಗೊಂಡು ಸೊರಗುವುದನ್ನು ತೋರಿಸಿದರು. ಅವರ ಅಧ್ಯಯನಗಳು 1921ರಲ್ಲಿ ಗ್ರಂಥವಾಗಿ ಬಂದವು. ಕೂನೂರಿನಲ್ಲಿ ಅವರ ಕೆಲಸದಿಂದ ಬೆಳೆದ ಸಂಶೋಧನಾ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಜೀವಕೋಶ ವಿಭಜನೆಗೆ ಫೋಲೇಟ್ ಮತ್ತು ಬಿ12 ಬೇಕೇ ಬೇಕು. ಅವು ಇಲ್ಲದಾಗ ಕರುಳಿನ ಪೊರೆ ಸರಿಯಾಗಿ ಹೊಸದಾಗುವುದಿಲ್ಲ, ಹೀರಿಕೆ ಇನ್ನಷ್ಟು ಕುಸಿಯುತ್ತದೆ. ಸ್ಪ್ರೂ ರೋಗಿಗಳು ಫೋಲಿಕ್ ಆಮ್ಲ ಕೊಟ್ಟ ಕೆಲವೇ ದಿನಗಳಲ್ಲಿ ಹಸಿವು ಎಂದದ್ದು ಈ ಸುಳಿಯಿಂದ ಬಿಡುಗಡೆಯಾದದ್ದರ ಗುರುತು.

ಪರೀಕ್ಷೆ ಮತ್ತು ಚಿಕಿತ್ಸೆ

ರಕ್ತಪರೀಕ್ಷೆಯ ಅಂಕಿಗಳನ್ನು ರೋಗದ ಹಿನ್ನೆಲೆಯಲ್ಲಿಟ್ಟೇ ಓದಬೇಕು. ದೇಹದಲ್ಲಿ ಉರಿಯೂತ ಇರುವಾಗ ವಿಟಮಿನ್ ಎ ಸಾಗಿಸುವ ಪ್ರೋಟೀನು ತಾನಾಗಿಯೇ ಇಳಿಯುತ್ತದೆ. ನಿಜವಾದ ಕೊರತೆ ಇಲ್ಲದೆಯೂ ಅಂಕಿ ಕಡಿಮೆ ತೋರುತ್ತದೆ. ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವೆ ಇದ್ದರೆ ಮಿಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆ ನೆರವಾಗುತ್ತದೆ, ಆದರೆ ಮೂತ್ರಪಿಂಡದ ಕಾಯಿಲೆಯಲ್ಲಿ ಅದೂ ತಾನಾಗಿ ಏರಿರುತ್ತದೆ. ವಿಟಮಿನ್ ಕೆಗೆ ರಕ್ತ ಹೆಪ್ಪುಗಟ್ಟುವ ಸಮಯ, ಸೀಲಿಯಾಕ್‌ಗೆ ಪ್ರತಿಕಾಯ ಪರೀಕ್ಷೆ ಮತ್ತು ಎಂಡೋಸ್ಕೋಪಿಯಲ್ಲಿ ತೆಗೆದ ಕರುಳಿನ ಚೂರು, ಮೇದೋಜೀರಕಕ್ಕೆ ಮಲದ ಇಲಾಸ್ಟೇಸ್ ಪರೀಕ್ಷೆ ದಾರಿ ತೋರಿಸುತ್ತವೆ. ಸೀಲಿಯಾಕ್ ಅನುಮಾನವಿದ್ದವರು ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಟ್ಟರೆ ಫಲಿತಾಂಶ ತಪ್ಪುತ್ತದೆ.

ಮೂಲ ರೋಗಕ್ಕೆ ಚಿಕಿತ್ಸೆ ಆಗದೆ ಬರಿಯ ಜೀವಸತ್ವ ತುಂಬುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಹಾಗೆಂದು ಮೂಲ ರೋಗ ವಾಸಿಯಾಗುವವರೆಗೆ ಕಾಯಲೂ ಆಗದು. ಬಿ12ರ ವಿಷಯದಲ್ಲಿ ಒಂದು ಅನುಕೂಲವಿದೆ: ಬಾಯಿಗೆ ಕೊಟ್ಟ ಪ್ರಮಾಣದ ಸುಮಾರು ಶೇ. 1 ಭಾಗ ಯಾವ ಪ್ರೋಟೀನಿನ ನೆರವೂ ಇಲ್ಲದೆ ಕರುಳಿನಿಂದ ಒಸರಿ ಒಳಸೇರುತ್ತದೆ. 1000 ಮೈಕ್ರೋಗ್ರಾಂ ಮಾತ್ರೆಯಿಂದ 10 ಮೈಕ್ರೋಗ್ರಾಂ ದಕ್ಕಿದರೆ ದಿನದ ಅಗತ್ಯಕ್ಕೆ ಮಿಗಿಲಾಯಿತು. ನರಗಳಿಗೆ ತೊಂದರೆ ಆಗಿದ್ದರೆ ಮಾತ್ರ ಚುಚ್ಚುಮದ್ದಿನಿಂದಲೇ ಆರಂಭಿಸಬೇಕು. ಅತಿಯಾದರೆ ಕೆಡುಕು ಮಾಡುವ ಜೀವಸತ್ವಗಳೂ ಇವೆ. ವಾರಕ್ಕೊಂದು ಎಂದು ಕೊಟ್ಟ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ದಿನಕ್ಕೊಂದರಂತೆ ತೆಗೆದುಕೊಂಡು ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರಿದ್ದಾರೆ. ಬಿ6 ತಿಂಗಳುಗಟ್ಟಲೆ ಹೆಚ್ಚಾದರೆ ಅದೇ ನರಗಳನ್ನು ಕೆಡಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದದ್ದು ಫೋಲಿಕ್ ಆಮ್ಲದ ಬಗ್ಗೆ. ಬಿ12 ಕೊರತೆ ಇರುವವರಿಗೆ ಬರಿಯ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸುತ್ತದೆ, ಮುಖದ ಬಿಳಿಚು ಹೋಗುತ್ತದೆ, ಆದರೆ ಬೆನ್ನುಹುರಿಯ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ನಾಲ್ಕೈದು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರು, ಗ್ಯಾಸ್ ಮಾತ್ರೆಯನ್ನು ಬಿಡದೆ ನುಂಗುತ್ತಿರುವವರು, ಕರುಳಿನ ಶಸ್ತ್ರಚಿಕಿತ್ಸೆ ಆದವರು, ಪಾದ ಜೋಮು ಹಿಡಿಯುತ್ತಿದ್ದರೆ ಟಾನಿಕ್ ಕೊಳ್ಳುವ ಮೊದಲು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿ ಬಿ12 ಪರೀಕ್ಷೆ ಮಾಡಿಸಿಕೊಳ್ಳಿ.